ಗೌಡರ ಪಂಚನಾಮೆಯಿಂದ ವೈದ್ಯರ ಸಹಿಯವರೆಗೆ

ಸಂಶಯಾಸ್ಪದ ಸಾವಿನ ಕಾರಣ ವಿಚಾರಿಸಲೆಂದೇ ಇಂಗ್ಲೆಂಡಿನಲ್ಲಿ ‘ಕೊರೊನರ್’ ಎಂಬ ಅಧಿಕಾರಿ ಉಂಟು. ಬ್ರಿಟಿಷರು ಈ ಹುದ್ದೆಯನ್ನು ಭಾರತಕ್ಕೂ ತಂದರು. ಆದರೆ 1871ರ ಕಾಯ್ದೆ ಅದನ್ನು ಪ್ರೆಸಿಡೆನ್ಸಿ ನಗರಗಳಿಗಷ್ಟೇ ಸೀಮಿತಗೊಳಿಸಿತು. ಮುಂಬಯಿ ನಗರದಲ್ಲಿ 1999ರವರೆಗೂ ಕೊರೊನರ್ ಇದ್ದರು. 1956ರವರೆಗೆ ಅದೇ ಮುಂಬಯಿ ಆಡಳಿತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಗೆ ಮಾತ್ರ ಅವರು ಬರಲೇ ಇಲ್ಲ.

ಹಾಗಾದರೆ ಇಲ್ಲಿನ ಹಳ್ಳಿಯ ಬಾವಿಯಲ್ಲಿ ಹೆಣ ತೇಲಿದಾಗ ವಿಚಾರಿಸುತ್ತಿದ್ದವರು ಯಾರು? ಊರ ಪೊಲೀಸ್ ಪಾಟೀಲ, ಅಂದರೆ ಗೌಡರು. ಬ್ರಿಟಿಷರ ನೇರ ಆಡಳಿತವಿದ್ದ ಹಳ್ಳಿಗಳಲ್ಲಿ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಈ ಹೊಣೆಯನ್ನು ಅವರಿಗೆ ವಹಿಸಿತ್ತು. ಅಸಹಜ ಇಲ್ಲವೇ ಹಠಾತ್ ಸಾವು ಸಂಭವಿಸಿದರೆ ಊರಿನ ತಿಳಿವಳಿಕಸ್ಥರು ಕನಿಷ್ಠ ಇಬ್ಬರನ್ನು ಕೂಡಿಸಿ ವಿಚಾರಣೆ ನಡೆಸಬೇಕು. ಸಂಶಯ ಬಂದರೆ ಠಾಣೆಗೆ ತಿಳಿಸಿ, ಶವವನ್ನು ಸರ್ಕಾರಿ ವೈದ್ಯರಿಗೆ ಕಳಿಸಬೇಕು.

1963ರಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳು ರದ್ದಾದವು. ಗೌಡಕಿ ಹೋಯಿತು, ಪಂಚರು ಉಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಪೊಲೀಸರು ಇಂದಿಗೂ ಸ್ಥಳೀಯರಿಬ್ಬರ ಸಮಕ್ಷಮ ಶವದ ಪಂಚನಾಮೆ ಮಾಡುತ್ತಾರೆ. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರೇ ವಿಚಾರಿಸಬೇಕು. ಈಚಿನ ವರ್ಷಗಳಲ್ಲಿ ತಾಲೂಕು ಕೇಂದ್ರಗಳಾದ ತಿಕೋಟಾ, ಬಬಲೇಶ್ವರದಂಥ ಕಡೆ ಸಾಮಾನ್ಯವಾಗಿ ಈ ಕೆಲಸ ತಹಶೀಲ್ದಾರರದು.

ಇವೆಲ್ಲಕ್ಕೂ ಮೊದಲ ಬಾಗಿಲು ವೈದ್ಯರು. ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಸಾವಿನ ಕಾರಣದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುತ್ತದೆ. ‘ಹೃದಯ ನಿಂತಿತು’ ಎಂದಷ್ಟೇ ಬರೆದರೆ ಸಾಲದು. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ. ಅದು ನಿಲ್ಲಲು ಮೂಲವಾದ ರೋಗ ಯಾವುದೆಂಬುದು ಬೇಕು. ಹಾವು ಕಡಿತ, ಕ್ರಿಮಿನಾಶಕ, ಅಪಘಾತ, ಸುಟ್ಟಗಾಯಗಳಿಂದಾದ ಸಾವು ರೋಗದ ಸಾವಲ್ಲ. ಅಂಥಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕದೆ ಪೊಲೀಸರಿಗೆ ತಿಳಿಸುವುದೇ ಸರಿಯಾದ ಕ್ರಮ.

ಆದರೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವಾಗ ಕುಸಿದುಬಿದ್ದವನ ಮನೆಯವರು, ‘ಹೆಣ ಕೊಯ್ಯೂದು ಬ್ಯಾಡ್ರೀ ಸಾಹೇಬ್ರ’ ಎಂದು ಕೈಮುಗಿದರೆ ಕಟ್ಟುನಿಟ್ಟಾಗಿರುವುದು ಸುಲಭವಲ್ಲ. ಕರುಣೆಯಿಂದ ಸಹಿ ಬಿದ್ದರೆ ಮುಂದೆ ಅಪಘಾತ ವಿಮೆ ಕೇಳಲು ಹೋದ ಹೆಂಡತಿಯ ಕೈಯಲ್ಲಿ ಪಂಚನಾಮೆಯೂ ಇಲ್ಲ, ಮರಣೋತ್ತರ ಪರೀಕ್ಷೆಯ ವರದಿಯೂ ಇಲ್ಲ. ಸಂಶಯ ತಡವಾಗಿ ಎದ್ದರೆ ಹೂತ ಹೆಣವನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ಹೊರತೆಗೆಯಬೇಕು. ಸುಟ್ಟಿದ್ದರೆ ಆ ದಾರಿಯೂ ಇಲ್ಲ.

ಕೊರೊನರ್ ಕಾಣದ ಈ ನಾಡಿನಲ್ಲಿ ಸತ್ತವನ ಪರವಾಗಿ ಮೊದಲ ಪ್ರಶ್ನೆ ಕೇಳಬೇಕಾದವರು ಅಂದು ಗೌಡರು, ಇಂದು ವೈದ್ಯರು.