ಅಟ್ಟದ ಕೊಬ್ಬರಿ, ಖಾಲಿ ಸೀಟು

"ಓಟ್ಲಲ್ಲಿ ಸಪ್ಲೈಯರ್ ಆಗಕ್ಕೆ ಮೂರು ವರ್ಷ ಓದ್ಬೇಕೇನವ್ವಾ?"

ತಿಪಟೂರು ಹತ್ತಿರದ ಹಳ್ಳಿಯಲ್ಲಿ ನಮ್ಮ ಸಂಬಂಧಿಕರ ಹುಡುಗಿ ಪಿಯುಸಿ ಮುಗಿಸಿ, ಬೆಂಗಳೂರಲ್ಲಿ ಟ್ರಾವೆಲ್ ಅಂಡ್ ಟೂರಿಸಂ ಮ್ಯಾನೇಜ್‌ಮೆಂಟ್ ಓದ್ತೀನಿ ಅಂದಾಗ ಅವಳ ತಾತ ಕೇಳಿದ ಪ್ರಶ್ನೆ ಇದು. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ನನಗೂ ಆಮೇಲೆ ಅನ್ನಿಸಿತು, ಇದು ನಕ್ಕು ಬಿಡೋ ಪ್ರಶ್ನೆ ಅಲ್ಲ ಅಂತ. ಈ ಓದಿಗೆ ಒಂದು ಚರಿತ್ರೆ ಇದೆ. ತಾತನ ಅನುಮಾನಕ್ಕೂ ಅಷ್ಟೇ ಉದ್ದದ ಇನ್ನೊಂದು ಚರಿತ್ರೆ ಇದೆ.

ತಾತನ ಮನೆಯ ಅಟ್ಟ ನೋಡಿದರೆ ಅವರ ತರ್ಕ ಅರ್ಥವಾಗುತ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಸರು ನಿಂತಿರೋದು ಎಣ್ಣೆಯ ಮೇಲಲ್ಲ, ಉಂಡೆ ಕೊಬ್ಬರಿಯ ಮೇಲೆ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟದೆ ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಕರಟ ಬಿಟ್ಟು ಸಡಿಲವಾಗುತ್ತೆ. ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತೆ. ಆಮೇಲೆ ಮಟ್ಟೆ ಸುಲಿದು, ಕರಟವನ್ನು ಹುಷಾರಾಗಿ ಒಡೆದು, ಉಂಡೆ ಚೂರೂ ಮುಕ್ಕಾಗದ ಹಾಗೆ ತೆಗೀಬೇಕು. ಉತ್ತರ ಭಾರತದ ಹಬ್ಬ, ಮದುವೆಗಳಿಗೆ ಹೋಗುವ ಮಾಲು ಇದು. ಇಡೀ ಬೇಸಾಯದಲ್ಲಿ ದೊಡ್ಡ ವಿದ್ಯೆ ಅಂದರೆ ಕಾಯೋದು. ರೇಟು ಬಿದ್ದರೆ ಅಟ್ಟ ಇಳಿಸಬೇಡ, ಅಷ್ಟೆ. 2023ರಲ್ಲಿ ಕೊಬ್ಬರಿ ಬೆಲೆ ಕೇಂದ್ರದ ಬೆಂಬಲ ಬೆಲೆಗಿಂತ (ಕ್ವಿಂಟಲ್‌ಗೆ 11,750 ರೂಪಾಯಿ) ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ 20,000 ದಾಟಿತು. ಸಾಲದವನು ಬಿದ್ದ ರೇಟಿಗೇ ಮಾರಿದ, ತಡೆದುಕೊಳ್ಳೋ ಶಕ್ತಿ ಇದ್ದವನು ಗೆದ್ದ. ಈ ಸೀಮೆಯ ಬಡವ-ಬಲ್ಲಿದರ ಲೆಕ್ಕವನ್ನೆಲ್ಲ ಒಂದು ಅಟ್ಟದಲ್ಲೇ ಹೇಳಿಬಿಡಬಹುದು.

ಈಗ ಸರ್ವಿಸ್ ಮ್ಯಾನೇಜ್‌ಮೆಂಟ್ ಪುಸ್ತಕ ತೆಗೆಯಿರಿ. ಶುರುವಿನಲ್ಲೇ ಇದಕ್ಕೆ ಪೂರ್ತಿ ಉಲ್ಟಾ ಪಾಠ. ಸೇವೆಯನ್ನು ಕೂಡಿಡೋಕೆ ಆಗಲ್ಲ. ಇವತ್ತು ರಾತ್ರಿ ಖಾಲಿ ಉಳಿದ ಹೋಟೆಲ್ ರೂಮನ್ನು ನಾಳೆ ಮಾರೋಕೆ ಬರಲ್ಲ. ಹೊರಟುಹೋದ ಬಸ್ಸಿನ ಖಾಲಿ ಸೀಟು ಹೋಯ್ತು ಅಂದರೆ ಹೋಯ್ತು. ಈ ಓದಿನಲ್ಲಿ ಬರುವ ರಿಸರ್ವೇಷನ್, ಸೀಸನ್ ರೇಟು, ಓವರ್‌ಬುಕಿಂಗ್, ಆಫರ್, ಇದೆಲ್ಲ ಹುಟ್ಟಿಕೊಂಡಿರೋದು ಸೇವೆಗೆ ಅಟ್ಟ ಇಲ್ಲ ಅನ್ನೋ ಒಂದೇ ಸಂಕಟದಿಂದ.

ಹಾಗಂತ ಈ ಪಾಠ ತುಮಕೂರು ಸೀಮೆಗೆ ಹೊಸದೇನಲ್ಲ. ಪಕ್ಕದ ಗುಬ್ಬಿಯನ್ನೇ ನೋಡಿ. 1884ರಲ್ಲಿ ಅಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಬೆಂಗಳೂರಿಂದ ತುಮಕೂರು, ಗುಬ್ಬಿ, ತಿಪಟೂರು ಮೇಲೆ ಹರಿಹರದ ಕಡೆಗೆ ರೈಲು ಹಳಿ ಬಿತ್ತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಆ ಕಂಪನಿ ಬೆಳೆದು, 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ನಾವು ಇದನ್ನು ಕಲೆ ಅಂತ ಮಾತ್ರ ಓದ್ತೀವಿ. ಒಂದು ಸಲ ವ್ಯವಹಾರ ಅಂತ ನೋಡಿ: ಊರೂರಿಗೆ ಹೋಗೋ ನೂರಾರು ಜನರ ಊಟ, ವಸತಿ, ಸಾಗಾಟ, ಟಿಕೆಟ್ಟಿನ ದರ್ಜೆಗಳು, ಪ್ರಚಾರ. ರಾತ್ರಿ ಪರದೆ ಎದ್ದ ಮೇಲೆ ಖಾಲಿ ಉಳಿದ ಕುರ್ಚಿಯನ್ನು ಬೆಳಿಗ್ಗೆ ಮಾರೋಕಾಗಲ್ಲ ಅನ್ನೋದು ಆ ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಿರಲಿಲ್ಲ. ತಿಪಟೂರಿನ ನರಸಿಂಹರಾಜು, ಹೌದು, ನಮ್ಮ ಹಾಸ್ಯ ಚಕ್ರವರ್ತಿಯೇ, ಇಂಥ ಕಂಪನಿಗಳಲ್ಲಿ ಪಳಗಿ ಸಿನಿಮಾಕ್ಕೆ ಬಂದವರು.

ಆದರೆ ನಾಟಕ ಮಾರೋದು ಬೇರೆ, ಅನ್ನ ಮಾರೋದು ಬೇರೆ. ತಾತನ ಪ್ರಶ್ನೆಯಲ್ಲಿ ನಿಜವಾದ ಮುಳ್ಳು ಇರೋದು ಇಲ್ಲಿ. ಬಂದವರಿಗೆ ಉಣ್ಣಕ್ಕಿಕ್ಕೋದು ನಮ್ಮಲ್ಲಿ ಪುಣ್ಯದ ಕೆಲಸ. ಛತ್ರ, ಅರವಟ್ಟಿಗೆ, ಮಠದ ದಾಸೋಹ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ದಿನಾ ಸಾವಿರಾರು ಮಕ್ಕಳಿಗೆ ಹೊತ್ತುಹೊತ್ತಿಗೆ ಊಟ ಬಡಿಸ್ತಾರಲ್ಲ, ಅದನ್ನು ಕಂಡು ಯಾವ ದೊಡ್ಡ ಹೋಟೆಲ್ಲಿನ ಕಿಚನ್ ಮ್ಯಾನೇಜರ್ ಆದರೂ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಆದರೆ ಅದೇ ಅನ್ನಕ್ಕೆ ಬಿಲ್ ಹಾಕಿದರೆ? ಹಳೇ ಕಾಲದವರಿಗೆ ಅದು ಪಾಪ, ಅಥವಾ ಕೀಳು ಕೆಲಸ. ದುಡ್ಡಿನ ಲೆಕ್ಕದ ವಸತಿ ಇದ್ದದ್ದು ಸರ್ಕಾರದವರಿಗೆ. ಲೂಯಿಸ್ ರೈಸ್‌ನ ಮೈಸೂರು ಗೆಜೆಟಿಯರ್‌ನಲ್ಲಿ ಜಿಲ್ಲೆಗಳ ಪ್ರಯಾಣಿಕರ ಬಂಗಲೆಗಳ ಪಟ್ಟಿಗಳಿವೆ, ಅದೂ ಮೊದಲ, ಎರಡನೇ, ಮೂರನೇ ದರ್ಜೆ ಅಂತ ವಿಂಗಡಿಸಿ. ನಮ್ಮ ಕಡೆಯ ಮೊದಲ ಸ್ಟಾರ್ ರೇಟಿಂಗ್ ಅಂತ ಬೇಕಾದರೆ ಅದನ್ನೇ ಕರೀಬಹುದು.

ಈ ಮಡಿವಂತಿಕೆ ಮುರಿದು ಅನ್ನವನ್ನು ಉದ್ಯೋಗ ಮಾಡಿದವರು ಕರಾವಳಿಯಿಂದ ಬಂದವರು. ಅವರಿಗೆ ಅಟ್ಟ ಇರಲಿಲ್ಲ, ತೋಟ ಇರಲಿಲ್ಲ, ಊರು ಬಿಡೋದೊಂದೇ ದಾರಿ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಶುರು ಮಾಡಿದವರು. ಬೆಂಗಳೂರಿನಲ್ಲಿ 1924ರಲ್ಲಿ ಸಣ್ಣ ಕಾಫಿ ಹೋಟೆಲ್ಲಾಗಿ ಶುರುವಾದ ಎಂಟಿಆರ್‌ನ ಕತೆ ಇನ್ನೂ ಮಜಾ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋದರು, ಅಲ್ಲಿನ ಹೋಟೆಲ್‌ಗಳು ಹೇಗೆ ನಡೀತಾವೆ ಅಂತ ನೋಡೋಕೆ. ವಾಪಸ್ ಬಂದು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು, ಶುಚಿತ್ವವನ್ನು ನಿಯಮ ಮಾಡಿದರು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಗಿರಾಕಿಗಳು ಅಡುಗೆಮನೆ ಹಾದು ಊಟದ ಹಾಲ್‌ಗೆ ಹೋಗುತ್ತಿದ್ದದ್ದು ಬೆಂಗಳೂರಿನ ಹಳಬರಿಗೆಲ್ಲ ಗೊತ್ತು.

ಇದನ್ನು ಯಾಕೆ ಹೇಳ್ತಿದೀನಿ ಅಂದರೆ, 1984ರಲ್ಲಿ ಲಿನ್ ಶೊಸ್ಟ್ಯಾಕ್ ಅನ್ನುವ ಅಮೆರಿಕದ ಬ್ಯಾಂಕ್ ಅಧಿಕಾರಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಸೇವೆಗೂ ಮನೆ ಕಟ್ಟೋ ಹಾಗೆ ಒಂದು ನಕ್ಷೆ ಬರೀಬಹುದು ಅಂತ. ಅವರು ಕೊಟ್ಟ ಉದಾಹರಣೆ ಬೀದಿಬದಿಯ ಬೂಟ್ ಪಾಲಿಶ್. ಆ ನಕ್ಷೆಯಲ್ಲಿ ಗಿರಾಕಿಗೆ ಕಾಣೋದು ಯಾವುದು, ಕಾಣದೆ ಹಿಂದೆ ನಡೆಯೋದು ಯಾವುದು ಅಂತ ಒಂದು ಗೆರೆ ಇರುತ್ತೆ. ಇವತ್ತು ಈ ಕೋರ್ಸಿಗೆ ಸೇರಿದ ಮಕ್ಕಳು ಆ ಗೆರೆ ಎಳೆಯೋದನ್ನ ಕಲೀತಾರೆ. ಮಯ್ಯರ ಹೋಟೆಲು ಆ ಗೆರೆಯನ್ನೇ ಅಡುಗೆಮನೆಯ ಹಿಂದಕ್ಕೆ ತಳ್ಳಿಬಿಟ್ಟಿತ್ತು!

ಕ್ಲಾಸಿನಲ್ಲಿ ಕೂತು ಇದನ್ನೆಲ್ಲ ಕಲಿಯೋ ಪದ್ಧತಿ ಶುರುವಾದದ್ದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, 1893ರಲ್ಲಿ. ಪ್ರವಾಸಿಗರು ಆಲ್ಪ್ಸ್‌ಗೆ ಮುಗಿಬೀಳ್ತಿದ್ದ ಕಾಲ ಅದು. ಭಾರತದಲ್ಲಿ ಮುಂಬಯಿಯ ಕೇಟರಿಂಗ್ ಸಂಸ್ಥೆ 1954ರದ್ದು. 1982ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಶಿಕ್ಷಣಕ್ಕೆ ರಾಷ್ಟ್ರೀಯ ಮಂಡಳಿ, 1983ರಲ್ಲಿ ಈಗ ಗ್ವಾಲಿಯರ್‌ನಲ್ಲಿರುವ ಪ್ರವಾಸ ನಿರ್ವಹಣಾ ಸಂಸ್ಥೆ. ನಮ್ಮಲ್ಲಿ ಮಣಿಪಾಲ ಮತ್ತು ಬೆಂಗಳೂರಿನ ಶೇಷಾದ್ರಿ ರಸ್ತೆಯ ಸಂಸ್ಥೆಗಳು ಹೆಸರುವಾಸಿ. ಇಸವಿಗಳ ಪಟ್ಟಿ ಸಾಕು. ಗಮನಿಸಬೇಕಾದ್ದು ಒಂದೇ: ಮೊದಲು ಬಂದದ್ದು ಅಡುಗೆ ಮತ್ತು ಹಾಸಿಗೆಯ ಓದು. ಪ್ರವಾಸವನ್ನೇ ಒಂದು ವ್ಯವಹಾರವಾಗಿ ಓದೋದು ಆಮೇಲೆ ಬಂತು. ಅದಕ್ಕೇ ಇವತ್ತಿಗೂ ಹಳ್ಳಿಗಳಲ್ಲಿ ಟೂರಿಸಂ ಓದು ಅಂದರೆ "ಓಟ್ಲು" ಅನ್ನೋ ಕಲ್ಪನೆ.

ತೆಂಗಿನ ಸೀಮೆಯಿಂದಲೇ ಈ ಪಾಠವನ್ನು ಅತಿ ದುಬಾರಿಯಾಗಿ ಕಲಿತವರೊಬ್ಬರಿದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರ ಮನೆತನದ ಜಮೀನು ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಿ, ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ನೆಲ. ಜಾವಗಲ್ ಇರೋದು ಅರಸೀಕೆರೆ ತಾಲೂಕಿನಲ್ಲಿ, ಅಂದರೆ ತಿಪಟೂರಿನ ನೆರೆಯಲ್ಲೇ. ಸೈನ್ಯ ಬಿಟ್ಟು ಬಂದವರು ಅಲ್ಲಿ ಡೇರೆ ಹಾಕಿಕೊಂಡು ತೆಂಗಿನ ಸಸಿ ನೆಟ್ಟರು, ರೇಷ್ಮೆ ಮಾಡಿದರು, ಹಾಸನದಲ್ಲಿ ಟಿಫಿನ್ ಹೋಟೆಲನ್ನೂ ನಡೆಸಿದರು. ಆಮೇಲೆ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್.

ತೆಂಗು ಬೆಳೆದ ಮನುಷ್ಯ ಒಂದು ರೂಪಾಯಿಗೆ ಟಿಕೆಟ್ ಮಾರಿದ್ದು ಹುಚ್ಚು ಅಂತ ತುಂಬ ಜನ ಅಂದರು. ಅದರ ಲೆಕ್ಕ ಇಷ್ಟೇ: ವಿಮಾನ ಹಾರೋದು ಹಾರುತ್ತೆ, ಇಂಧನ ಉರಿಯೋದು ಉರಿಯುತ್ತೆ. ಖಾಲಿ ಸೀಟಿನಿಂದ ಬರೋದು ಸೊನ್ನೆ. ಅಗ್ಗದ ಸೀಟಿನಿಂದ ಏನೋ ಒಂದು ಬರುತ್ತೆ, ಜೊತೆಗೆ ಮೊದಲ ಸಲ ವಿಮಾನ ಹತ್ತೋನೊಬ್ಬ ಬರ್ತಾನೆ. ಅಟ್ಟದ ತರ್ಕವನ್ನು ತಲೆಕೆಳಗು ಮಾಡಿದ ಲೆಕ್ಕ ಇದು. ಕಂಪನಿ ಉಳೀಲಿಲ್ಲ, ನಿಜ. ನಷ್ಟದಲ್ಲಿ ಸಿಕ್ಕಿಬಿದ್ದು 2007ರಲ್ಲಿ ವಿಜಯ್ ಮಲ್ಯರ ಪಾಲಾಯಿತು, ಹೆಸರೂ ಹೋಯಿತು. ಸೀಟು ತುಂಬಿಸೋದು ಒಂದು ವಿದ್ಯೆ, ತುಂಬಿದ ಸೀಟಿನಿಂದ ಖರ್ಚು ಹುಟ್ಟಿಸೋದು ಇನ್ನೊಂದು. ಎರಡನೆಯದು ಕಷ್ಟದ್ದು.

ಇಷ್ಟೆಲ್ಲ ಓದಿಕೊಂಡು ಆ ಹುಡುಗಿ ಎಲ್ಲಿಗೆ ಹೋಗ್ತಾಳೆ? ದುಬೈ, ಏರ್‌ಪೋರ್ಟು, ಕ್ರೂಸ್ ಹಡಗು, ಹೆಚ್ಚಿನವರ ದಾರಿ ಅದೇ. ತಪ್ಪೇನಿಲ್ಲ. ಆದರೆ ಅವಳ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ದೂರದಲ್ಲಿ ಏನೇನಿದೆ ನೋಡಿ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ, ಹೊಯ್ಸಳರಿಗೂ ಹಿಂದಿನದು. ಅದರ ಒಳಛಾವಣಿಯಲ್ಲಿ ಕುಣಿಯೋ ಶಿವ, ಸುತ್ತ ದಿಕ್ಪಾಲಕರು. ಕತ್ತೆತ್ತಿ ನೋಡ್ತಾ ನಿಂತರೆ ಕುತ್ತಿಗೆ ನೋಯೋದೇ ಗೊತ್ತಾಗಲ್ಲ. ಅದೇ ಊರಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಯೂ ಇದೆ. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರ, ಚೆನ್ನಕೇಶವ. ನೊಣವಿನಕೆರೆ ಹತ್ತಿರದ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹನ ತ್ರಿಕೂಟ, 1286ರದ್ದು. ತುರುವೇಕೆರೆ, ವಿಘ್ನಸಂತೆ ಗುಡಿಗಳು ಹೊಯ್ಸಳ ಮೂರನೇ ನರಸಿಂಹನ ಕಾಲದವು. ಸೋಮನಾಥಪುರವೂ ಅವನ ಕಾಲದ್ದೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿತು, ಬಸ್ಸುಗಳು ಸಾಲುಗಟ್ಟಿ ನಿಲ್ತವೆ. ಈ ಕಡೆ ಗುಡಿಗಳ ಅಂಗಳದಲ್ಲಿ ಕೊಬ್ಬರಿ ಲಾರಿಯ ಹಾರನ್ ಕೇಳಿಸುತ್ತೆ.

ಕಲ್ಲಿನ ಕೆಲಸದ ದೊಡ್ಡತನ ಎಲ್ಲ ಕಡೆ ಒಂದೇ ಅಂತ ನಾನು ವಾದ ಮಾಡಲ್ಲ. ಸೋಮನಾಥಪುರ ಸೋಮನಾಥಪುರವೇ. ಆದರೆ ಇಲ್ಲಿಗೆ ಜನ ಬರದೇ ಇರೋದಕ್ಕೆ ಕಾರಣ ಕಲ್ಲಲ್ಲ. ಒಂದು ಗುಡಿಗೆ (ಹೆಸರು ಬೇಡ) ನಾವು ನಾಲ್ಕು ಜನ ಬೆಂಗಳೂರಿಂದ ಹೋದಾಗ ಬಾಗಿಲಿಗೆ ಬೀಗ. ಬೀಗದ ಕೈ ಇದ್ದವರು ತೋಟಕ್ಕೆ ಹೋಗಿದ್ದರು, ನೀರು ಬಿಡೋಕೆ, ಕರೆಂಟು ಇದ್ದದ್ದೇ ಆ ಹೊತ್ತಲ್ಲಿ. ಒಂದೂವರೆ ಗಂಟೆ ಕಾದೆವು. ಬಂದವರು ಪ್ರೀತಿಯಿಂದ ಎಲ್ಲ ತೋರಿಸಿದರು, ಎಳನೀರೂ ಕೊಟ್ಟರು. ಜೊತೆಯಲ್ಲಿದ್ದ ಗೆಳತಿ ಮಾತ್ರ ಟಾಯ್ಲೆಟ್ ಹುಡುಕಿಕೊಂಡು ಮುಖ್ಯರಸ್ತೆಯ ಪೆಟ್ರೋಲ್ ಬಂಕ್‌ವರೆಗೆ ಹೋಗಿಬಂದಳು. ಆದರ ಎಷ್ಟು ಬೇಕೋ ಅಷ್ಟಿತ್ತು. ಇಲ್ಲದೇ ಇದ್ದದ್ದು ಹೊತ್ತು, ಬೀಗದ ಕೈ, ಬಾಗಿಲಿರೋ ಒಂದು ಟಾಯ್ಲೆಟ್, ಯಾರಿಗೆ ಫೋನ್ ಮಾಡಬೇಕು ಅನ್ನೋ ಒಂದು ಬೋರ್ಡು. ಸರ್ವಿಸ್ ಕ್ವಾಲಿಟಿ ಬಗ್ಗೆ ಪರಶುರಾಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1988ರಲ್ಲಿ ಪಟ್ಟಿ ಮಾಡಿದ ಐದು ಗುಣಗಳಲ್ಲಿ ಗಿರಾಕಿಯ ಬಗೆಗಿನ ಕಾಳಜಿಯೂ ಇದೆ, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಆಗೋ ನಂಬಿಕೆಯೂ ಇದೆ. ನಮ್ಮ ಕಡೆ ಮೊದಲನೆಯದು ಧಾರಾಳ.

ಹುಡುಗಿ ಕೊನೆಗೂ ಕೋರ್ಸಿಗೆ ಸೇರಿದಳು. ಎರಡನೇ ವರ್ಷದ ಪ್ರಾಜೆಕ್ಟಿಗೆ ಇದೇ ಸೀಮೆಯ ಒಂದು ದಿನದ ಪ್ರವಾಸ ಬರೆದಳು: ಬೆಳಿಗ್ಗೆ ರೈಲಿನಲ್ಲಿ ಬಂದಿಳಿಯೋದು, ಅರಳಗುಪ್ಪೆ, ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ-ಉಪ್ಸಾರು, ಅಟ್ಟ ತೋರಿಸೋದು, ಆಮೇಲೆ ತುರುವೇಕೆರೆ, ವಿಘ್ನಸಂತೆ. ಪ್ರತಿ ಗುಡಿಯ ಬೀಗದ ಕೈ ಯಾರ ಹತ್ತಿರ, ಎಷ್ಟು ಹೊತ್ತಿಗೆ ಸಿಗ್ತಾರೆ ಅನ್ನೋದಕ್ಕೇ ಎರಡು ಪುಟ. ಕಾಲೇಜಿನ ಎಂಟು ಗೆಳೆಯರನ್ನು ಕರೆತಂದು ಪ್ರಯೋಗವನ್ನೂ ಮಾಡಿದಳು. ಗುಡಿಗಳಿಗಿಂತ ಜಾಸ್ತಿ ಫೋಟೊ ತೆಗೆಸಿಕೊಂಡಿದ್ದು ಅಟ್ಟ. ತಾತ ಒಂದೊಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಇದು ಆಗಿದೆ, ಇದಿನ್ನೂ ಎರಡು ತಿಂಗಳು ಬೇಕು ಅಂತ ವಿವರಿಸ್ತಾ ಇದ್ದರಂತೆ. ಮೈಕು ಇಲ್ಲದ ಗೈಡು.

ಸಂಜೆ ಜಗಳ ಆದದ್ದು ಲೆಕ್ಕದ ಹಾಳೆ ಮೇಲೆ. ಅದರಲ್ಲಿ ಊಟಕ್ಕೆ ಇಷ್ಟು, ಅಟ್ಟದ ವಿವರಣೆಗೆ ಇಷ್ಟು, ಎಳನೀರಿಗೆ ಇಷ್ಟು ಅಂತ ಮೂರು ಸಾಲಿದ್ದವು. ತಾತ ಊಟದ ದುಡ್ಡಿಗೆ ಹೇಗೋ ಒಪ್ಪಿದರು, ಸಾಮಾನು ತಂದಿದ್ದು ಸೊಸೆ ಅಲ್ವಾ ಅಂತ. ಅಟ್ಟದ ವಿಷಯಕ್ಕೆ ಯೋಚನೆ ಮಾಡ್ತೀನಿ ಅಂದರು. ಎಳನೀರಿನ ಸಾಲನ್ನು ಮಾತ್ರ ಪೆನ್ನು ಇಸ್ಕೊಂಡು ಅವರೇ ಹೊಡೆದುಹಾಕಿದರು. ಅವಳು ಮಾರನೇ ದಿನ ಬಸ್ಸಿನಲ್ಲಿ ಕೂತು ಅದನ್ನು ಮತ್ತೆ ಬರೆದಳಂತೆ, ಸೊನ್ನೆ ರೂಪಾಯಿ ಅಂತ, ಪ್ರಾಜೆಕ್ಟಿನ ಟೋಟಲ್ ತಪ್ಪಬಾರದಲ್ಲ.