ಮೊಳ

ವಿಜಯನಗರದ ಹೂವಿನಂಗಡಿಗಳಲ್ಲಿ ಮಲ್ಲಿಗೆಗೆ ಯಾರೂ ಮೀಟರ್ ಲೆಕ್ಕ ಕೇಳುವುದಿಲ್ಲ, ‘ಮೊಳ ಎಷ್ಟಮ್ಮ?’ ಎನ್ನುತ್ತಾರೆ. ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಮೊಳ, ಸುಮಾರು 18 ಅಂಗುಲ. ಎರಡು ಗೇಣು ಸೇರಿದರೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಹಳಗನ್ನಡದಲ್ಲಿ ಇದು ‘ಮೊೞ’. ತಮಿಳಿನ ‘ಮುೞಂ’, ತೆಲುಗಿನ ‘ಮೂರ’ ಇದರ ಒಡಹುಟ್ಟುಗಳು.

ಅಳತೆಗೋಲು ಮೈಯಲ್ಲೇ ಇರುವುದು ಎಂಥ ಚೆಂದದ ಏರ್ಪಾಡು! ಆದರೆ ಕೈ ಬದಲಾದರೆ ಮೊಳವೂ ಬದಲಾಗುತ್ತದೆ. ಯಾರ ಮೈಯನ್ನೂ, ಯಾವ ಲೋಹದ ಸರಳನ್ನೂ ನೆಚ್ಚದ ಅಳತೆಯನ್ನು 1899ರಲ್ಲಿ ಮ್ಯಾಕ್ಸ್ ಪ್ಲಾಂಕ್ ನಿಸರ್ಗದಲ್ಲೇ ಹುಡುಕಿದರು. ಬೆಳಕಿನ ವೇಗ, ಗುರುತ್ವ ಸ್ಥಿರಾಂಕ ಮತ್ತು ಮುಂದೆ ಅವರದೇ ಹೆಸರು ಪಡೆದ ಸ್ಥಿರಾಂಕವನ್ನು ತಕ್ಕಂತೆ ಜೋಡಿಸಿದರೆ ಒಂದು ಉದ್ದ ತಾನಾಗಿ ಸಿಗುತ್ತದೆ: ಸುಮಾರು 1.6 × 10⁻³⁵ ಮೀಟರ್. ಪ್ರೋಟಾನಿಗಿಂತಲೂ ಊಹಿಸಲಾಗದಷ್ಟು ಕಿರಿದು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಮೊಳದಲ್ಲಿ ಹೇಳಿದರೆ 66 ಕೋಟಿ. ಅಂಕಿ ನಮ್ಮದು, ವೇಗ ಮಾತ್ರ ಬೆಳಕಿನದು. ಹಾಗಾಗಿ ಕಣ ಭೌತವಿಜ್ಞಾನಿಗಳು ಆ ವೇಗವನ್ನೇ 1 ಎಂದು ಇಟ್ಟುಕೊಳ್ಳುತ್ತಾರೆ. ಆಗ ದೂರಕ್ಕೂ ಕಾಲಕ್ಕೂ ಒಂದೇ ಮಾನ ಸಾಕು. ದ್ರವ್ಯರಾಶಿಯನ್ನೂ ಶಕ್ತಿಯ ಮಾನವಾದ ಎಲೆಕ್ಟ್ರಾನ್ ವೋಲ್ಟಿನಲ್ಲೇ ಹೇಳಬಹುದು.