ಕುಂಡದ ಮೇಲಿನ ಚೀಟಿ: ಫಲಪುಷ್ಪ ಪ್ರದರ್ಶನದ ಒಂದು ಕತೆ

ಸಿದ್ದಾಪುರದ ನಮ್ಮ ನರ್ಸರಿಯನ್ನು ಹೋದ ವರ್ಷ ಮುಚ್ಚಿಬಿಟ್ಟೆವು. ನರ್ಸರಿ ಅಂದರೆ ದೊಡ್ಡದೇನೂ ಅಲ್ಲ. ಲಾಲ್‌ಬಾಗಿನ ಕಾಂಪೌಂಡಿಗೆ ಕೂಗಳತೆ ದೂರದಲ್ಲಿ ಒಂದು ತುಂಡು ಜಾಗ, ಮೇಲೆ ಹಸಿರು ನೆರಳು ಪರದೆ, ಮೂಲೆಯಲ್ಲಿ ಕೆಮ್ಮಣ್ಣಿನ ಗುಡ್ಡೆ, ಅದರ ಪಕ್ಕ ಸೆಗಣಿ ಗೊಬ್ಬರ. ದೊಡ್ಡಪ್ಪನ ಮಕ್ಕಳಿಗೂ ನಮಗೂ ಪಾಲಾಯಿತು. ಆ ಜಾಗಕ್ಕೆ ಈಗ ಇರುವ ಬೆಲೆಯ ಮುಂದೆ ಗುಲಾಬಿ ಸಸಿ ಮಾರಿ ಏನು ಗಿಟ್ಟುತ್ತದೆ ಹೇಳಿ? ಯಾರನ್ನೂ ದೂರುವ ಹಾಗಿಲ್ಲ.

ಖಾಲಿ ಮಾಡುವಾಗ ತಾತನ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಕಸಿ ಚಾಕು, ತುಕ್ಕು ಹಿಡಿದ ಕತ್ತರಿ, ಬೀಜ ಕಟ್ಟಿಟ್ಟ ಪೊಟ್ಟಣಗಳು. ಅವುಗಳ ಕೆಳಗೆ ಎರಡು ಕಾಗದ. ಒಂದು ಅಂಗೈಯಗಲದ ರಟ್ಟಿನ ಚೀಟಿ. ಅದರಲ್ಲಿ ಒಂದು ವಿಭಾಗದ ನಂಬರು, ‘ಫಸ್ಟ್’ ಅನ್ನೋ ಅಚ್ಚು, ಅಷ್ಟೇ. ಹೆಸರಿಲ್ಲ. ಇನ್ನೊಂದು ಮಡಿಸಿಟ್ಟ ಪ್ರಶಸ್ತಿ ಪತ್ರ, 1958ರದ್ದು. ಕುಂಡದಲ್ಲಿ ಬೆಳೆದ ಡೇಲಿಯಾಗೆ ಎರಡನೇ ಬಹುಮಾನ. ಇದರಲ್ಲಿ ತಾತನ ಹೆಸರಿದೆ.

ಈ ಎರಡು ಕಾಗದಗಳ ಕತೆ ಹೇಳಬೇಕು ಅಂದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಕತೆಯನ್ನೇ ಹೇಳಬೇಕಾಗುತ್ತದೆ. ಸ್ವಲ್ಪ ತಾಳ್ಮೆ ಇರಲಿ :-)

ನಮಗೆಲ್ಲ ಪ್ರದರ್ಶನ ಅಂದರೆ ಜನವರಿ 26, ಆಗಸ್ಟ್ 15ರ ರಜೆ, ನೂಕುನುಗ್ಗಲು, ಗಾಜಿನ ಮನೆಯ ಒಳಗೆ ಹೂವಿನಲ್ಲಿ ಕಟ್ಟಿದ ಏನಾದರೊಂದು ಆಕೃತಿ, ಹೊರಗೆ ಬಂದು ಮಸಾಲೆ ಹಾಕಿದ ಮಾವಿನಕಾಯಿ. ಆದರೆ ಗಿಡ ಬೆಳೆಸಿ ಬದುಕುವವರಿಗೆ ಅದು ಪರೀಕ್ಷೆ, ಸಂತೆ ಮತ್ತು ಸುದ್ದಿ ಪತ್ರಿಕೆ ಮೂರೂ ಒಂದೇ ಕಡೆ. ಯಾರ ಹತ್ತಿರ ಹೊಸ ತಳಿ ಬಂದಿದೆ, ಯಾವ ಬಣ್ಣದ ಸೇವಂತಿಗೆಗೆ ಈ ಸಲ ಗಿರಾಕಿ, ಯಾರ ಕ್ರೋಟನ್ ಕಡ್ಡಿ ಬೇರು ಬಿಡುತ್ತಿದೆ... ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ತಾತ ವರ್ಷವನ್ನು ಯುಗಾದಿಯಿಂದ ಎಣಿಸುತ್ತಿರಲಿಲ್ಲ, ಷೋಯಿಂದ ಷೋಗೆ ಎಣಿಸುತ್ತಿದ್ದರು.

ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರಾಲಿಯಿಂದ, ಸುಮಾರು 40 ಎಕರೆಯಲ್ಲಿ. ಈಗ 240 ಎಕರೆ. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಮೇಜರ್ ಗಿಲ್ಬರ್ಟ್ ವಾ ಎಂಬಾತನ ಕೈಗೆ ಬಂತು. 1819ರಲ್ಲಿ ಆತ ಅದನ್ನು ಕಂಪನಿ ಸರ್ಕಾರಕ್ಕೆ ಕೊಟ್ಟ. ಕೆಲವು ವರ್ಷ ಕಲ್ಕತ್ತಾದ ಸಸ್ಯೋದ್ಯಾನದ ಅಧೀನದಲ್ಲಿತ್ತು. 1836ರಿಂದ 1842ರವರೆಗೆ ಒಂದು ಕೃಷಿ ಮತ್ತು ತೋಟಗಾರಿಕೆ ಸಂಘ ಅದನ್ನು ನೋಡಿಕೊಂಡಿತು. ವಿಲಿಯಂ ಮನ್ರೋ ಎಂಬ ಸೇನಾಧಿಕಾರಿ ಅದರ ಮುಂದಾಳು. ಆ ಸಂಘ ನಿಂತು ಹೋಯಿತು. 1856ರಲ್ಲಿ ಹ್ಯೂ ಕ್ಲೆಗಾರ್ನ್ ಸಲಹೆಯಂತೆ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ತೋಟಗಾರರು ಒಬ್ಬರ ಹಿಂದೊಬ್ಬರು ಬಂದರು. ಮೊದಲು ವಿಲಿಯಂ ನ್ಯೂ, ಆಮೇಲೆ 1874ರಲ್ಲಿ ಜಾನ್ ಕ್ಯಾಮರಾನ್.

ಇವರ ಕೆಲಸದ ತಿರುಳು ಒಂದೇ. ಹೊರಗಿನ ಗಿಡ ತರುವುದು, ಇಲ್ಲಿನ ಹವೆಗೆ ಒಗ್ಗಿಸುವುದು, ಒಗ್ಗಿದ್ದನ್ನು ಹಂಚುವುದು. ನಾವು ಪಲ್ಯ ಮಾಡಿ ತಿನ್ನುವ ಸೀಮೆಬದನೆಕಾಯಿ ಈ ಊರಿಗೆ ಬಂದಿದ್ದು ಕ್ಯಾಮರಾನ್ ಕಾಲದಲ್ಲಿ ಅನ್ನುತ್ತಾರೆ. ಹೆಸರಲ್ಲೇ ‘ಸೀಮೆ’ ಇದೆ ನೋಡಿ! ಹೀಗೆ ನೋಡಿದರೆ ಲಾಲ್‌ಬಾಗ್ ಬರೀ ಪಾರ್ಕು ಅಲ್ಲ, ಒಂದು ದೊಡ್ಡ ನರ್ಸರಿ. ಸುತ್ತಲಿನ ಮಾವಳ್ಳಿ, ಸಿದ್ದಾಪುರದ ನರ್ಸರಿಗಳು ಅದರ ಮರಿಗಳು.

ಗಾಜಿನ ಮನೆಯನ್ನು ಕಟ್ಟಿಸಿದ್ದೂ ಕ್ಯಾಮರಾನ್ ಕಾಲದಲ್ಲೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ, ಎರಕದ ಕಬ್ಬಿಣ ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯದು. ಇಲ್ಲೊಂದು ತಮಾಷೆ ಇದೆ. ಅದರ ಅಡಿಗಲ್ಲು ಹಾಕಿದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್, 1898ರ ನವೆಂಬರ್ 30ರಂದು ಅಂತ ಎಷ್ಟೋ ಕಡೆ ಬರೆದಿದ್ದಾರೆ. ಆದರೆ ಆ ರಾಜಕುಮಾರ ತೀರಿಕೊಂಡಿದ್ದು 1892ರ ಜನವರಿಯಲ್ಲಿ! ಸತ್ತ ಆರು ವರ್ಷದ ಮೇಲೆ ಬಂದು ಅಡಿಗಲ್ಲು ಹಾಕಲು ಸಾಧ್ಯವೇ? ಅವನು ಇಂಡಿಯಾಕ್ಕೆ ಬಂದಿದ್ದು 1889-90ರಲ್ಲಿ. ಸರಿಯಾದ ತಾರೀಖು 1889ರ ನವೆಂಬರ್ 30. ಯಾರೋ ಒಬ್ಬರು 89 ಬರೆಯುವ ಕಡೆ 98 ಬರೆದರು, ಮಿಕ್ಕವರು ಹಾಗೇ ಇಳಿಸಿಕೊಂಡರು.

ಇನ್ನೊಂದು ಯೋಚನೆ. ಚಳಿ ದೇಶದಲ್ಲಿ ಗಾಜಿನ ಮನೆ ಬೇಕು, ಒಳಗೆ ಬೆಚ್ಚಗಿಟ್ಟು ಗಿಡ ಉಳಿಸಲು. ಬೆಂಗಳೂರಿನಲ್ಲಿ ಏನಕ್ಕೆ? ಇಲ್ಲಿ ಗಿಡಗಳಿಗೆ ಬಯಲೇ ಸಾಕಲ್ಲ. ಹಾಗಾಗಿ ನಮ್ಮ ಗಾಜಿನ ಮನೆಗೆ ಉಳಿದ ದೊಡ್ಡ ಕೆಲಸ ಪ್ರದರ್ಶನವೇ. ವರ್ಷವಿಡೀ ಖಾಲಿ, ಷೋ ಬಂದಾಗ ಭರ್ತಿ. 1935ರಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ಅದರ ಪೂರ್ವದ ಭಾಗವನ್ನು ಭದ್ರಾವತಿಯ ಉಕ್ಕಿನಿಂದ ವಿಸ್ತರಿಸಿದರು. ಗ್ಲಾಸ್ಗೋದ ಕಬ್ಬಿಣಕ್ಕೆ ಭದ್ರಾವತಿಯ ಉಕ್ಕಿನ ಬೆಸುಗೆ.

ಇನ್ನು ಪ್ರದರ್ಶನಗಳ ಲೆಕ್ಕಕ್ಕೆ ಬರೋಣ. ಕಳೆದ 2025ರ ಆಗಸ್ಟಿನದು 218ನೆಯದು. ಕೊರೊನಾದಿಂದ ನಿಲ್ಲುವ ಮುಂಚೆ, 2020ರ ಜನವರಿಯಲ್ಲಿ ನಡೆದದ್ದು 211ನೆಯದು. ನಾಲ್ಕು ಪ್ರದರ್ಶನ ತಪ್ಪಿ ಹೋಗಿ, 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್ ನೆನಪಿನಲ್ಲಿ 212ನೆಯದು ನಡೆಯಿತು. ಅಂದರೆ ನಡೆಯದಿದ್ದದ್ದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಈಗ 211ರಿಂದ ವರ್ಷಕ್ಕೆ ಎರಡರಂತೆ ಹಿಂದಕ್ಕೆ ಎಣಿಸಿ. ಮೊದಲನೆಯದು 1915ರ ಜನವರಿಗೆ ಬರುತ್ತದೆ. ನಡುವೆ ಕೆಲವು ತಪ್ಪಿದ್ದರೆ ಇನ್ನೊಂದೆರಡು ಮೂರು ವರ್ಷ ಹಿಂದೆ. ಮೈಸೂರು ಉದ್ಯಾನಕಲಾ ಸಂಘ ಹುಟ್ಟಿದ್ದು 1912ರಲ್ಲಿ! ಅದಕ್ಕೂ ಮುಂಚೆ ಲಾಲ್‌ಬಾಗಿನಲ್ಲಿ ಹೂವಿನ ಪ್ರದರ್ಶನಗಳು ನಡೆದಿದ್ದುಂಟು. ಆದರೆ ನಾವು ಪೇಪರಿನಲ್ಲಿ ಓದುವ ಈ ನಂಬರು ಆ ಸಂಘದ ಜೊತೆ ಹುಟ್ಟಿದ್ದು ಅನ್ನುವುದು ನನ್ನ ಊಹೆ. ಇವತ್ತಿಗೂ ತೋಟಗಾರಿಕೆ ಇಲಾಖೆ ಮತ್ತು ಆ ಸಂಘ ಸೇರಿಯೇ ಪ್ರದರ್ಶನ ನಡೆಸುತ್ತವೆ.

ಆ ಕಾಲದ ಲಾಲ್‌ಬಾಗಿನ ಯಜಮಾನ ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿದವರು. ಕ್ಯೂನಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡದ ಗಾಯಕವಾಡರ ಬಳಿ ಬಂದು, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಗೆ ಮೈಸೂರು ಸಂಸ್ಥಾನಕ್ಕೆ ಬಂದರು. 1932ರವರೆಗೆ ಅಧಿಕಾರದಲ್ಲಿದ್ದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಸಾಲು ನೆಡುವ ಯೋಚನೆ ಅವರದ್ದು, ಅವರ ನಂತರದವರು ಅದನ್ನು ಬೆಳೆಸಿದರು. ಮಹಾಯುದ್ಧದಲ್ಲಿ ಜರ್ಮನ್ ಅನ್ನುವ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯಲ್ಲಿದೆ. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಹಳೇ ಸಭಾಂಗಣ 2017ರಲ್ಲಿ ಕುಸಿಯಿತು.

ನಮ್ಮ ಮುತ್ತಾತ ಅವರ ಕಾಲದಲ್ಲಿ ಲಾಲ್‌ಬಾಗಿನಲ್ಲಿ ದಿನಗೂಲಿ. ನಾವು ತಿಗಳರು, ಮಣ್ಣು ನಮ್ಮ ಕುಲಕಸುಬು. “ದೊರೆ ಕುಂಡಾನ ಬೆರಳಲ್ಲಿ ತಟ್ಟಿ ನೋಡೋರಂತೆ. ನೀರು ಹಾಕಿಲ್ಲಾಂದ್ರೆ ಸದ್ದಲ್ಲೇ ಹಿಡೀತಿದ್ರು” ಅಂತ ತಾತ ಅವರಪ್ಪನ ಮಾತು ಹೇಳುತ್ತಿದ್ದರು. ಒಣ ಮಣ್ಣಿನ ಕುಂಡ ತಟ್ಟಿದರೆ ಠಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ಇವತ್ತಿಗೂ ನಾನು ತಟ್ಟಿಯೇ ನೋಡುವುದು. ಪ್ಲಾಸ್ಟಿಕ್ ಕುಂಡ ಬಂದ ಮೇಲೆ ಆ ವಿದ್ಯೆ ಹೋಯಿತು ಬಿಡಿ.

ಈಗ ಆ ಹೆಸರಿಲ್ಲದ ಚೀಟಿ.

ತಾತ ವಯಸ್ಸಿನಲ್ಲಿ ಬಸವನಗುಡಿಯ ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದರು. ಪ್ರದರ್ಶನಕ್ಕೆ ಬಂಗಲೆಯವರು ಡೇಲಿಯಾ ಕಳಿಸುತ್ತಿದ್ದರು. ಡೇಲಿಯಾವನ್ನು ಸರಿಯಾಗಿ ಆ ದಿನಕ್ಕೆ ಅರಳಿಸುವುದು ಹುಡುಗಾಟವಲ್ಲ. ಮೂರು ತಿಂಗಳ ಮುಂಚೆ ಕಡ್ಡಿ ನೆಡಬೇಕು, ಕುಡಿ ಚಿವುಟುವ ದಿನವನ್ನು ಷೋ ತಾರೀಖಿನಿಂದ ಹಿಂದಕ್ಕೆ ಎಣಿಸಬೇಕು. ಪಕ್ಕದ ಮೊಗ್ಗೆಲ್ಲ ತೆಗೆದು ನಡುವಿನದೊಂದನ್ನೇ ಬಿಡಬೇಕು. ಆಗಲೇ ಹೂವು ತಟ್ಟೆಯಗಲ ಬರುವುದು. ಕೊನೆಯ ವಾರ ರಾತ್ರಿ ಇಬ್ಬನಿ ಬೀಳದ ಹಾಗೆ ಕುಂಡಗಳನ್ನು ಮಾಡಿನ ಕೆಳಗೆ ಎತ್ತಿಡಬೇಕು, ಬೆಳಿಗ್ಗೆ ಬಿಸಿಲಿಗೆ ತರಬೇಕು. ಇಷ್ಟೂ ಮಾಡಿದ್ದು ತಾತ. ಮೊದಲನೇ ಬಹುಮಾನ ಬಂತು. ಕಪ್ಪು ತಗೊಂಡಿದ್ದು ಬಂಗಲೆಯವರು. ಗಿಡ ಅವರದ್ದು, ಕುಂಡ ಅವರದ್ದು, ಪ್ರವೇಶ ಅವರ ಹೆಸರಿನಲ್ಲಿ. ಆಗಿನ ಪದ್ಧತಿಯೇ ಹಾಗೆ, ತಾತನೂ ಅದನ್ನು ಅನ್ಯಾಯ ಅಂದುಕೊಂಡವರಲ್ಲ. ಷೋ ಮುಗಿದು ಕುಂಡಗಳನ್ನು ಎತ್ತಿನ ಗಾಡಿಗೆ ಏರಿಸುವಾಗ ಕಡ್ಡಿಗೆ ಸಿಕ್ಕಿಸಿದ್ದ ಚೀಟಿಯನ್ನು ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಕಪ್ಪಲ್ಲದಿದ್ದರೆ ಚೀಟಿ.

ಕೆಲಸ ಬಿಟ್ಟು ಸಿದ್ದಾಪುರದಲ್ಲಿ ಸ್ವಂತ ನರ್ಸರಿ ಇಟ್ಟ ಮೇಲೆ 1958ರಲ್ಲಿ ಬಂದದ್ದು ಆ ಎರಡನೇ ಬಹುಮಾನ. ಆಗ ಲಾಲ್‌ಬಾಗಿನಲ್ಲಿ ಡಾ. ಎಂ. ಎಚ್. ಮರಿಗೌಡರ ಕಾಲ. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಬಂದವರು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟಿದರು, ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಬಂತು. ತೋಟಗಾರಿಕೆ ಅಂದರೆ ಬಂಗಲೆಯವರ ಹವ್ಯಾಸ ಅನ್ನುವುದು ಹೋಗಿ ರೈತನ ಕಸುಬು ಅನ್ನುವ ಮಾತು ಬಂದದ್ದು ಆ ವರ್ಷಗಳಲ್ಲಿ. ತಾತ ಇದನ್ನೆಲ್ಲ ಬೇರೆ ರೀತಿ ಹೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ “ತಾತ, ಫಸ್ಟ್ ದೊಡ್ಡದೋ ಸೆಕೆಂಡ್ ದೊಡ್ಡದೋ?” ಅಂತ ಕೇಳಿದ್ದೆ. “ನಮ್ಮ ಮನೇಲಿ ಸೆಕೆಂಡೇ ದೊಡ್ಡದು ಕಣೋ” ಅಂದಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ. ಲೆಕ್ಕದಲ್ಲಿ ತಾತ ಹಿಂದೆ ಅಂದುಕೊಂಡು ನಕ್ಕಿದ್ದೆ.

ಮೇಲೆ ಬರೆದ ಇತಿಹಾಸವನ್ನು ಇನ್ನೊಮ್ಮೆ ಓದಿ ನೋಡಿದೆ. ವಾ, ಮನ್ರೋ, ಕ್ಲೆಗಾರ್ನ್, ನ್ಯೂ, ಕ್ಯಾಮರಾನ್, ಕ್ರುಂಬಿಗಲ್, ಮರಿಗೌಡ. ಬದುಕಿಲ್ಲದ ರಾಜಕುಮಾರನ ಕೈಯಲ್ಲಿ ಅಡಿಗಲ್ಲು ಹಾಕಿಸುವಷ್ಟು ಸಲ ಅವನ ಹೆಸರನ್ನು ಬರೆದಿದ್ದೇವೆ. ಇವರೆಲ್ಲ ದೊಡ್ಡ ಕೆಲಸ ಮಾಡಿದವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊಗ್ಗು ಚಿವುಟಿದ ಒಬ್ಬರ ಹೆಸರೂ ನನಗೆ ಬರೆಯಲು ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಅದೂ ನಮ್ಮ ಟ್ರಂಕಿನಲ್ಲಿ. ಅದನ್ನೂ ನಾನು ಇಲ್ಲಿ ಬರೆದಿಲ್ಲ, ತಾತನಿಗೆ ಸಂಕೋಚ ಜಾಸ್ತಿ.

ಕೊರೊನಾ ವರ್ಷಗಳಲ್ಲಿ ಪ್ರದರ್ಶನ ನಿಂತಾಗ ನಮ್ಮ ನರ್ಸರಿಯಲ್ಲಿ ಷೋಗೆಂದು ಎಬ್ಬಿಸಿದ್ದ ಸಸಿಗಳು ಅಲ್ಲೇ ಹೂ ಬಿಟ್ಟು ಅಲ್ಲೇ ಒಣಗಿದವು. ಆಮೇಲೆ ಜನ ಮನೆಯಲ್ಲೇ ಕೂತು ತಾರಸಿ ತೋಟ ಹಿಡಿದರು, ಸ್ವಲ್ಪ ವ್ಯಾಪಾರವೂ ಆಯಿತು. ಆದರೂ ಅಪ್ಪನಿಗೆ ಆ ಮೊದಲನೇ ಪೆಟ್ಟಿನಿಂದ ಉತ್ಸಾಹ ವಾಪಸು ಬರಲೇ ಇಲ್ಲ. ಕೊನೆಯ ದಿನ ಮಿಕ್ಕ ಕುಂಡಗಳನ್ನು ಅಕ್ಕಪಕ್ಕದ ನರ್ಸರಿಯವರಿಗೆ ಹಂಚಿದೆವು. ತಾತನ ಕಾಲದ ಎಂಟು ಹಳೇ ಮಣ್ಣಿನ ಕುಂಡಗಳನ್ನು ಮಾತ್ರ ಮನೆಗೆ ತಂದಿದ್ದೇನೆ. ಡೇಲಿಯಾ ಕಡ್ಡಿ ನೆಟ್ಟಿದ್ದೇನೆ. ಎರಡು ಚಿಗುರಿವೆ.

ಮುಂದಿನ ಸಲ ಗಾಜಿನ ಮನೆಗೆ ಹೋದಾಗ ಹೂವಿನ ಆಕೃತಿಯ ಮುಂದೆ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಬದಿಯಲ್ಲಿ ಸಾಲಾಗಿ ಇಟ್ಟ ಕುಂಡಗಳ ಹತ್ತಿರವೂ ಒಂದು ನಿಮಿಷ ನಿಲ್ಲಿ. ಅಲ್ಲಿ ನೀರು ಹಾಕುತ್ತಿರುವವರನ್ನು ಇದನ್ನು ಬೆಳೆಸಿದ್ದು ಯಾರು ಅಂತ ಕೇಳಿ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲೂ ಇಂಥ ಚೀಟಿ, ಪತ್ರ ಏನಾದರೂ ಇದ್ದರೆ ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ. ನಾನು ಆ ಚೀಟಿಯ ಹಿಂದೆ ನಿನ್ನೆ ರಾತ್ರಿ ಬರೆದೆ.